ಎಲೆಕ್ಟ್ರಾನಿಕ್ ಗ್ರಿಲ್‌ನ ತಾಪಮಾನ ಸೆನ್ಸರ್ ಕೈಕೊಟ್ಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಹೋಟೆಲು, ಬೇಕರಿಗಳ ಅಡುಗೆ ಯಂತ್ರಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ಕರೆ ಬಂದರೆ ಚಿತ್ರದುರ್ಗಕ್ಕೂ ಹೋಗಿ ಬರುತ್ತೇನೆ. ಸ್ಯಾಂಡ್‌ವಿಚ್, ಪನೀರ್, ಕೋಳಿ ಸುಡುವ ಎಲೆಕ್ಟ್ರಾನಿಕ್ ಗ್ರಿಲ್‌ಗಳ ಸೆನ್ಸರ್ ಬಗ್ಗೆ ಒಂದೇ ಬಗೆಯ ಪ್ರಶ್ನೆಗಳು ಫೋನಿನಲ್ಲಿ, ಸಂದೇಶಗಳಲ್ಲಿ, ಅಂಗಡಿಯ ಕಟ್ಟೆಯ ಮೇಲೆ ಮತ್ತೆ ಮತ್ತೆ ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಜೋಡಿಸಿದ್ದೇನೆ. ಪರದೆಯಲ್ಲಿ ದೋಷದ ಅಕ್ಷರ ಕಂಡ ಕೂಡಲೇ ಹೊಸ ಸೆನ್ಸರ್ ತರಿಸುವವರು ಬಹಳ ಮಂದಿ. ಅದನ್ನು ಹಾಕಿದರೂ ದೋಷ ಹೋಗದಿದ್ದಾಗ ಬೋರ್ಡ್ ತರಿಸುತ್ತಾರೆ. ಕೊನೆಗೆ ಬಿಚ್ಚಿ ನೋಡಿದರೆ ಒಂದು ಸ್ಕ್ರೂ ಸಡಿಲವಾಗಿರುತ್ತದೆ. ಹಾಗೆ ದುಡ್ಡು ಕಳೆದುಕೊಂಡವರನ್ನು ಕಂಡಾಗ ಸಂಕಟವಾಗುತ್ತದೆ. ಅದಕ್ಕಾಗಿಯೇ ಇದನ್ನು ಬರೆದಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಸೆನ್ಸರ್, ಸೆನ್ಸರ್ ಎನ್ನುತ್ತೀರಲ್ಲ, ಗ್ರಿಲ್‌ನಲ್ಲಿ ಅದು ಎಲ್ಲಿರುತ್ತದೆ?

ತಟ್ಟೆಯ ಅಡಿಯಲ್ಲಿ, ಇಲ್ಲವೇ ಒಳಗೋಡೆಯಿಂದ ಚಾಚಿಕೊಂಡಿರುವ ಬೆರಳುದ್ದದ ಸ್ಟೀಲ್ ಕಡ್ಡಿಯೇ ಸೆನ್ಸರ್. ಅದರ ಹಿಂಬದಿಯಿಂದ ಎರಡು ಅಥವಾ ಮೂರು ತೆಳ್ಳನೆಯ ತಂತಿಗಳು ಕಂಟ್ರೋಲರ್ ಬೋರ್ಡ್‌ಗೆ ಹೋಗುತ್ತವೆ. ಕಡ್ಡಿ ಕಾವನ್ನು ತಿಳಿಸುತ್ತದೆ, ಬೋರ್ಡ್ ಅದನ್ನು ನೀವು ಇಟ್ಟ ಅಂಕಿಯ ಜೊತೆ ಹೋಲಿಸುತ್ತದೆ, ರಿಲೇ ಹೀಟರ್‌ಗೆ ಕರೆಂಟ್ ಬಿಡುತ್ತದೆ ಅಥವಾ ತಡೆಯುತ್ತದೆ. ನಮ್ಮೂರಿನಲ್ಲಿ ಸೌದೆ ಒಲೆಯ ಮುಂದೆ ನಿಂತು ಬೆಣ್ಣೆ ದೋಸೆ ಹಾಕುವವರು ಕಾವಲಿಗೆ ನೀರು ಚಿಮುಕಿಸಿ, ಚುಯ್ ಎನ್ನುವ ಸದ್ದು ಕೇಳಿಯೇ ಸೌದೆ ಮುಂದೆ ಹಿಂದೆ ಸರಿಸುತ್ತಾರೆ. ಗ್ರಿಲ್‌ನಲ್ಲಿ ಆ ಕಿವಿ ಬೇರೆ ಭಾಗ, ಆ ಕೈ ಬೇರೆ ಭಾಗ. ಹದ ತಪ್ಪಿದಾಗ ಕಿವಿ ಕೆಟ್ಟಿದೆಯೋ, ಕೈ ಕೆಟ್ಟಿದೆಯೋ, ನಡುವಿನ ತಂತಿ ಕಡಿದಿದೆಯೋ ಎಂದು ಬಿಡಿಸಿ ನೋಡಬೇಕು.

ಪರದೆ ಇಲ್ಲದೆ ಬರೀ ತಿರುಗಿಸುವ ಗುಬುಟು ಇರುವ ಹಳೆಯ ಗ್ರಿಲ್‌ಗಳಲ್ಲಿ ಸಾಮಾನ್ಯವಾಗಿ ಸಣ್ಣ ತಾಮ್ರದ ನಳಿಕೆಯ ಥರ್ಮೋಸ್ಟಾಟ್ ಇರುತ್ತದೆ. ಅದು ಬೇರೆಯೇ ಸಾಧನ. ಇಲ್ಲಿ ಹೇಳಿದ ಅಳತೆಗಳು ಅದಕ್ಕೆ ಹೊಂದುವುದಿಲ್ಲ.

ಡಿಗ್ರಿ ಬರುವ ಜಾಗದಲ್ಲಿ ಇ1 ಎಂದು ಬಂದು ಮಿನುಗುತ್ತಿದೆ. ಸೆನ್ಸರ್ ಸುಟ್ಟಿತೇ?

ಇರಬಹುದು, ಆದರೆ ಆ ಅಕ್ಷರ ಹೇಳುವುದು ಅಷ್ಟನ್ನೇ ಅಲ್ಲ. ಬೋರ್ಡ್‌ಗೆ ನಂಬಲು ಆಗದ ಅಳತೆ ಬಂದಿದೆ ಎಂದಷ್ಟೇ ಅದರ ಅರ್ಥ. ಸೆನ್ಸರ್ ಕಡಿದಿದ್ದರೂ, ಅದರ ತಂತಿ ಕಡಿದಿದ್ದರೂ, ಕನೆಕ್ಟರ್ ಕಳಚಿದ್ದರೂ ಬೋರ್ಡ್‌ಗೆ ಒಂದೇ ರೀತಿ ಕಾಣುತ್ತದೆ. ಇ1, ಇ2 ಎಂಬುವಕ್ಕೆ ಒಂದೊಂದು ಕಂಪನಿಯಲ್ಲಿ ಒಂದೊಂದು ಅರ್ಥ. ಗ್ರಿಲ್ ಜೊತೆ ಬಂದ ಪುಸ್ತಕದಲ್ಲಿ ನೋಡಿ. ಪಕ್ಕದ ಅಂಗಡಿಯವರ ಗ್ರಿಲ್‌ನಲ್ಲಿ ಇ1 ಬಂದಾಗ ಸೆನ್ಸರ್ ಬದಲಿಸಿದರೆ ಸರಿಹೋಯಿತು ಎಂಬುದು ನಿಮ್ಮ ಗ್ರಿಲ್‌ಗೆ ಆಧಾರವಾಗದು.

ಮೀಟರ್ ಇಲ್ಲದೆ ನಾವೇ ನೋಡಿಕೊಳ್ಳುವ ಉಪಾಯ ಇದೆಯೇ ಸರ್?

ಇದೆ, ಅದರಲ್ಲೂ ಬೆಳಗಿನ ಪರೀಕ್ಷೆ ಬಹಳ ಒಳ್ಳೆಯದು. ರಾತ್ರಿಯಿಡೀ ಆರಿದ ಗ್ರಿಲ್ ಅನ್ನು ಬೆಳಿಗ್ಗೆ ಆನ್ ಮಾಡಿದ ಕ್ಷಣ ಪರದೆಯಲ್ಲಿ ಬರುವ ಅಂಕಿ ಅಡುಗೆಮನೆಯ ತಾಪಮಾನಕ್ಕೆ ಹತ್ತಿರ ಇರಬೇಕು. ಏಪ್ರಿಲ್‌ನಲ್ಲಿ 30 ದಾಟಿರಬಹುದು, ಡಿಸೆಂಬರ್‌ನಲ್ಲಿ 20ರ ಆಸುಪಾಸು ಇರಬಹುದು. ಗೋಡೆಗೆ ಒಂದು ಸಾಧಾರಣ ಥರ್ಮಾಮೀಟರ್ ನೇತು ಹಾಕಿಕೊಳ್ಳಿ. ತಣ್ಣಗಿರುವ ಗ್ರಿಲ್ 75 ತೋರಿಸಿದರೆ, ಅಥವಾ ಸೊನ್ನೆಯಲ್ಲೇ ನಿಂತರೆ, ಅಳತೆಯ ದಾರಿಯಲ್ಲಿ ಎಲ್ಲೋ ದೋಷವಿದೆ.

ಬಿಸಿಯಾದ ಮೇಲೆ ಬೆಣ್ಣೆಯೇ ಸಾಕ್ಷಿ ಹೇಳುತ್ತದೆ. ಗ್ರಿಲ್ ಅನ್ನು 120ಕ್ಕೆ ಇಟ್ಟು, ಅಂಕಿ ನಿಂತ ಮೇಲೆ ಕಡಲೆಕಾಳಿನಷ್ಟು ಬೆಣ್ಣೆ ಹಾಕಿ. ಕರಗಿ, ನೊರೆಯೆದ್ದು, ನಿಧಾನವಾಗಿ ನೊರೆ ಇಳಿಯಬೇಕು. ಬೆಣ್ಣೆ ಹೊಗೆಯಾಡುವುದು ಸುಮಾರು 150ರಲ್ಲಿ. ಹಾಕಿದ ಕೂಡಲೇ ಕಂದಾಗಿ ಹೊಗೆ ಬಂದರೆ ತಟ್ಟೆ ಪರದೆಗಿಂತ ಬಹಳ ಬಿಸಿ ಇದೆ. ನೀರಿನ ಹನಿಯೂ ಹಾಗೆಯೇ: ಚುಯ್ ಎಂದು ಆರಿದರೆ ಒಂದು ಹದ, ಆರದೆ ಗೋಲಿಯಂತೆ ಅತ್ತಿತ್ತ ಉರುಳಿದರೆ ತಟ್ಟೆ 200ರ ಹತ್ತಿರ ಇದೆ ಎಂದು ತಿಳಿಯಿರಿ.

ಕುದಿಯುವ ನೀರಿನಲ್ಲಿ ಕಡ್ಡಿ ಇಟ್ಟರೆ 98 ತೋರಿಸುತ್ತದೆ. ನೀರು ಕುದಿಯುವುದು 100ರಲ್ಲಿ ಅಲ್ಲವೇ?

ನಿಮ್ಮ ಸೆನ್ಸರ್ ಸರಿಯಾಗಿಯೇ ಇದೆ. 100 ಎಂಬುದು ಸಮುದ್ರಮಟ್ಟದ ಲೆಕ್ಕ. ಸುಮಾರು 300 ಮೀಟರ್ ಎತ್ತರಕ್ಕೆ ಒಂದು ಡಿಗ್ರಿಯಂತೆ ಕುದಿಬಿಂದು ಇಳಿಯುತ್ತದೆ. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 98ರಲ್ಲೇ ಕುದಿಯುತ್ತದೆ. ಚಿತ್ರದುರ್ಗ ಇನ್ನೂ ನೂರು ಮೀಟರಿಗಿಂತ ಹೆಚ್ಚು ಮೇಲಿದೆ, ಅಲ್ಲಿ 97.5 ಬಂದರೆ ಸರಿ. ಈ ವಿಷಯ ತಿಳಿಯದೆ ಒಳ್ಳೆಯ ಸೆನ್ಸರ್‌ಗೆ ಎರಡು ಡಿಗ್ರಿ ಸೇರಿಸಿ ಕೆಡಿಸಿದವರನ್ನು ನೋಡಿದ್ದೇನೆ.

ಈ ಪರೀಕ್ಷೆಯನ್ನು ಕಡ್ಡಿ ಹೊರಗೆ ಎಳೆಯಲು ಬರುವ, ತುದಿ ಪೂರ್ತಿ ಮುಚ್ಚಿದ ಸೆನ್ಸರ್‌ಗೆ ಮಾತ್ರ ಮಾಡಿ. ಮೊದಲು ಕಡ್ಡಿಯನ್ನು ನೀರಿಗಿಳಿಸಿ, ಗ್ರಿಲ್ ಅನ್ನು ಅತಿ ಕಡಿಮೆ ಅಂಕಿಗೆ ಇಟ್ಟು, ಆಮೇಲೆ ಆನ್ ಮಾಡಿ. ಕಡ್ಡಿ ಹೊರಗಿನ ಗಾಳಿಯಲ್ಲಿದ್ದರೆ ಗ್ರಿಲ್ ತಣ್ಣಗಿದೆ ಎಂದು ತಿಳಿದು ಬೋರ್ಡ್ ಹೀಟರ್ ಹಚ್ಚುತ್ತದೆ. ತಂತಿ ಸೇರುವ ಕುತ್ತಿಗೆ ನೀರಿನಿಂದ ಮೇಲಿರಲಿ.

## ಜಿಡ್ಡು, ಇಲಿ, ಮಳೆ

ಪರದೆಯಲ್ಲಿ 60 ಇದೆ, ಬ್ರೆಡ್ ಮಾತ್ರ ಕರಕಲಾಗುತ್ತಿದೆ. ಇದೇನು ವಿಚಿತ್ರ?

ಚಿತ್ರದುರ್ಗದ ಒಂದು ಬೇಕರಿಯವರು ಹೀಗೆಯೇ ಫೋನ್ ಮಾಡಿದ್ದರು. ಹೋಗಿ ಅಡಿಯ ತಗಡು ಬಿಚ್ಚಿದೆ. ಸೆನ್ಸರ್ ತನ್ನ ಕ್ಲಿಪ್‌ನಿಂದ ಜಾರಿ, ತಂತಿಯಲ್ಲಿ ನೇತಾಡುತ್ತಾ ಪಕ್ಕದ ಗಾಳಿಯನ್ನು ಅಳೆಯುತ್ತಿತ್ತು. ತಟ್ಟೆಯಲ್ಲಿ ಅದಕ್ಕಾಗಿ ಕೊರೆದ ತೂತು ಖಾಲಿ. ಬೋರ್ಡ್‌ಗೆ 60 ಎಂಬ ಸುದ್ದಿ ಹೋಗುತ್ತಲೇ ಇತ್ತು, ಹೀಟರ್ ಒಂದು ಕ್ಷಣವೂ ಆರಲಿಲ್ಲ. ಕಡ್ಡಿಯನ್ನು ಒಳಗೆ ತಳ್ಳಿ ಕ್ಲಿಪ್ ಬಿಗಿ ಮಾಡಿದ್ದಷ್ಟೇ ರಿಪೇರಿ. ಆ ಬೇಕರಿಯವರು ಆಗಲೇ ಹೊಸ ಸೆನ್ಸರ್‌ಗೆ ಮುಂಗಡ ಕೊಟ್ಟಿದ್ದರು.

ನಿಜಕ್ಕಿಂತ ಕಡಿಮೆ ತೋರಿಸುವ ಸೆನ್ಸರ್ ಎಲ್ಲಕ್ಕಿಂತ ಅಪಾಯಕಾರಿ. ಪೂರ್ತಿ ಕಡಿದ ಸೆನ್ಸರ್ ಕಂಡರೆ ಬಹುತೇಕ ಬೋರ್ಡ್‌ಗಳು ಹೀಟರ್ ನಿಲ್ಲಿಸಿಬಿಡುತ್ತವೆ. ಕಡಿಮೆ ಹೇಳುವ ಸೆನ್ಸರ್ ಅನ್ನು ನಂಬಿ ಕಾಯಿಸುತ್ತಲೇ ಹೋಗುತ್ತವೆ. ಹೀಗಾದರೆ ತಕ್ಷಣ ಪ್ಲಗ್ ತೆಗೆಯಿರಿ.

ಅಂಕಿ ನಿಧಾನವಾಗಿ ಏರುತ್ತದೆ, ಆಮೇಲೆ ಇಟ್ಟದ್ದಕ್ಕಿಂತ ಬಹಳ ಮೇಲೆ ಹೋಗಿ ಇಳಿಯುತ್ತದೆ. ಮೊದಲು ಹೀಗಿರಲಿಲ್ಲ.

ಕಡ್ಡಿಯನ್ನು ಹೊರಗೆ ಎಳೆದು ನೋಡಿ. ನಮ್ಮೂರಿನ ಗ್ರಿಲ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಬೆಣ್ಣೆಯ ಕರಕು: ಹರಿದುಬಂದ ಬೆಣ್ಣೆ ಕಡ್ಡಿಯ ಮೇಲೆ ಸುಟ್ಟು, ಮತ್ತೆ ಹರಿದು, ಮತ್ತೆ ಸುಟ್ಟು, ಪದರ ಪದರವಾಗಿ ಕಪ್ಪು ಟಾರಿನಂತೆ ಅಂಟಿರುತ್ತದೆ. ಉಗುರಿನಿಂದ ಕೆರೆದರೆ ಹೊಳಪಿನ ಚೂರುಗಳು ಉದುರುತ್ತವೆ. ಈ ಪದರ ಕಾವನ್ನು ತಡವಾಗಿ ಒಳಗೆ ಬಿಡುತ್ತದೆ. ತಟ್ಟೆ 200 ಆದಾಗ ಸೆನ್ಸರ್‌ಗೆ ಇನ್ನೂ 160ರ ಸುದ್ದಿ. ಅದು 200 ಎನ್ನುವ ಹೊತ್ತಿಗೆ ತಟ್ಟೆ ಎಷ್ಟೋ ಮುಂದೆ ಹೋಗಿರುತ್ತದೆ.

ಗ್ರಿಲ್ ಪೂರ್ತಿ ಆರಿದ ಮೇಲೆ ಬಿಸಿನೀರು, ಅಡುಗೆ ಸೋಡಾದಲ್ಲಿ ಅದ್ದಿದ ಬಟ್ಟೆಯನ್ನು ಕಡ್ಡಿಗೆ ಸುತ್ತಿ ಅರ್ಧ ಗಂಟೆ ಬಿಡಿ, ನಂತರ ಪ್ಲಾಸ್ಟಿಕ್ ನಾರಿನಿಂದ ಉಜ್ಜಿ. ಚಾಕುವಿನಿಂದ ಕೆರೆಯಬೇಡಿ, ಕಡ್ಡಿಯನ್ನು ಬಗ್ಗಿಸಬೇಡಿ. ಬೆಣ್ಣೆ ಹೆಚ್ಚು ಬಳಸುವ ಅಂಗಡಿಗಳಲ್ಲಿ ವಾರಕ್ಕೊಮ್ಮೆ ಇದನ್ನು ಮಾಡಿದರೆ ಮುಕ್ಕಾಲು ತೊಂದರೆ ನನ್ನವರೆಗೆ ಬರುವುದೇ ಇಲ್ಲ.

ಅಂಕಿ ಕುಣಿಯುತ್ತದೆ ಅಣ್ಣಾ. 180 ಇದ್ದದ್ದು 40, ಮರುಕ್ಷಣ 310. ಏನು ಮಾಡಲಿ?

ತಾಪಮಾನ ಹಾಗೆ ಜಿಗಿಯಲಾರದು. ಕಬ್ಬಿಣದ ತಟ್ಟೆ ಒಂದು ಸೆಕೆಂಡಿನಲ್ಲಿ 140 ಡಿಗ್ರಿ ಇಳಿಯುವುದು ಎಲ್ಲಿ ಸಾಧ್ಯ? ಇದು ಸಡಿಲ ಸಂಪರ್ಕ. ಗ್ರಿಲ್ ಆರಿಸಿ, ಪ್ಲಗ್ ತೆಗೆದು, ಬೋರ್ಡ್‌ನಲ್ಲಿ ಸೆನ್ಸರ್ ತಂತಿ ಸೇರುವ ಸ್ಕ್ರೂಗಳನ್ನು ಬಿಗಿ ಮಾಡಿ. ಕನೆಕ್ಟರ್ ಕಳಚಿ, ಒಳಗೆ ಹಸಿರು ಕಿಲುಬು ಇದೆಯೇ ನೋಡಿ, ಒರೆಸಿ ಮತ್ತೆ ಸೇರಿಸಿ. ಆಮೇಲೆ ತಂತಿಯನ್ನು ಉದ್ದಕ್ಕೂ ಬೆರಳಲ್ಲಿ ಸವರುತ್ತಾ ಹೋಗಿ. ಮಂಡಕ್ಕಿ, ಬ್ರೆಡ್ ಚೂರು ಬೀಳುವ ಜಾಗದಲ್ಲಿ ಇಲಿ ಇರದೆ ಇರುವುದಿಲ್ಲ. ಅದು ಕಚ್ಚಿದ ಕಡೆ ಹೊದಿಕೆ ಹರಿದು ಒಂದೆರಡು ಎಳೆ ಮಾತ್ರ ಉಳಿದಿರುತ್ತದೆ. ಗ್ರಿಲ್ ಬಾಗಿಲು ತೆರೆದಾಗೊಮ್ಮೆ ಆ ಎಳೆ ಬಿಟ್ಟು ಹಿಡಿಯುತ್ತದೆ.

ಎಲ್ಲ ಬಿಗಿಯಾಗಿದ್ದೂ, ಹೀಟರ್ ಹತ್ತಿದಾಗ ಮಾತ್ರ ಅಂಕಿ ಕುಣಿದರೆ ಅರ್ಥಿಂಗ್ ಮತ್ತು ಹೀಟರ್ ಸೋರಿಕೆ ನೋಡಿಸಬೇಕು. ಅಂಥ ಗ್ರಿಲ್ ಮುಟ್ಟಿದರೆ ಜುಮ್ ಎನ್ನಬಹುದು. ಅದು ಎಲೆಕ್ಟ್ರಿಷಿಯನ್ ಬರುವವರೆಗೆ ಬಂದ್ ಇರಲಿ.

ಗ್ರಿಲ್ ತೊಳೆದ ಮರುದಿನ, ಅಥವಾ ಮಳೆಗಾಲದಲ್ಲಿ ಮಾತ್ರ ದೋಷ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ತಾನೇ ಸರಿಹೋಗುತ್ತದೆ.

ತೇವ. ಅನೇಕ ಕಡ್ಡಿಗಳ ಒಳಗೆ ತಂತಿಗಳ ಸುತ್ತ ಬಿಳಿ ಮೆಗ್ನೀಷಿಯಂ ಆಕ್ಸೈಡ್ ಪುಡಿ ತುಂಬಿರುತ್ತಾರೆ. ಕುತ್ತಿಗೆಯ ಅಂಟು ಬಿರುಕು ಬಿಟ್ಟರೆ ಆ ಪುಡಿ ತೇವ ಹೀರುತ್ತದೆ, ಅಳತೆ ತಪ್ಪುತ್ತದೆ. ಗ್ರಿಲ್ ಬಿಸಿಯಾಗಿ ಒಣಗಿದ ಮೇಲೆ ಸರಿಯಾಗುತ್ತದೆ. ಪೈಪಿನಿಂದ ನೀರು ಹೊಡೆದು ತೊಳೆಯುವುದನ್ನು ಮೊದಲು ಬಿಡಿ, ಒದ್ದೆ ಬಟ್ಟೆ ಸಾಕು. ಬಿರುಕು ಬಿದ್ದ ಕಡ್ಡಿಯನ್ನು ಒಣಗಿಸಿ ಕೆಲವು ದಿನ ದೂಡಬಹುದು, ಕೊನೆಗೆ ಬದಲಿಸಲೇಬೇಕು.

ಕರೆಂಟ್ ಹೋಗಿ ಬಂದ ಮೇಲೆ ಈ ದೋಷ ಶುರುವಾಯಿತು. ಸೆನ್ಸರ್‌ಗೆ ಹೊಡೆತ ಬಿದ್ದಿದೆಯೇ?

ಸೆನ್ಸರ್‌ಗೆ ಹೊಡೆತ ಬೀಳುವುದು ಅಪರೂಪ; ಅನುಮಾನ ಬೋರ್ಡ್ ಮೇಲೆ. ಹತ್ತು ನಿಮಿಷ ಪ್ಲಗ್ ತೆಗೆದಿಟ್ಟು ಮತ್ತೆ ಹಾಕಿ ನೋಡಿ. ಇನ್ನು ಮುಂದೆ ಕರೆಂಟ್ ಹೋದ ಕೂಡಲೇ ಸ್ವಿಚ್ ಆರಿಸಿ, ಬಂದು ಸ್ವಲ್ಪ ಹೊತ್ತು ನಿಂತ ಮೇಲೆ ಹಾಕುವ ರೂಢಿ ಮಾಡಿಕೊಳ್ಳಿ. 2000 ವ್ಯಾಟಿನ ಗ್ರಿಲ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರ್ ಸಾಕೆಟ್ ಬೇಕು, ಟಿವಿಯ ಸ್ಟೆಬಿಲೈಸರ್ ಆಗದು.

## ಮೀಟರ್ ಹಿಡಿಯಲು ಬರುವವರಿಗೆ

ಸೆನ್ಸರ್ ಯಾವ ಜಾತಿಯದು ಎಂದು ಹೇಗೆ ಗುರುತಿಸುವುದು? ಮೇಲೆ ಏನೂ ಬರೆದಿಲ್ಲ.

ಪ್ಲಗ್ ತೆಗೆದು, ತಂತಿಗಳನ್ನು ಬೋರ್ಡ್‌ನಿಂದ ಬಿಡಿಸಿ, ಮಲ್ಟಿಮೀಟರ್ ಅನ್ನು ಓಮ್‌ಗೆ ಇಟ್ಟು ಅಳೆಯಿರಿ. 30 ಡಿಗ್ರಿಯ ಕೋಣೆಯಲ್ಲಿ ಸುಮಾರು 112 ಓಮ್ ಬಂದರೆ ಪಿಟಿ 100, ಅಂದರೆ ಸೊನ್ನೆ ಡಿಗ್ರಿಯಲ್ಲಿ 100 ಓಮ್ ಇರುವ ಪ್ಲಾಟಿನಂ ಸೆನ್ಸರ್. ಸುಮಾರು 1117 ಬಂದರೆ ಪಿಟಿ 1000. ಹತ್ತಾರು ಕಿಲೋ ಓಮ್ ಬಂದು, ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿದಾಗ ಇಳಿಯುತ್ತಾ ಹೋದರೆ ಎನ್‌ಟಿಸಿ. ಕೆಲವೇ ಓಮ್ ಬಂದರೆ ಬಹುಶಃ ಥರ್ಮೋಕಪಲ್ (ಎರಡು ಬೇರೆ ಲೋಹದ ತಂತಿಗಳ ತುದಿ ಸೇರಿಸಿ ಮಾಡಿದ್ದು), ಹೆಚ್ಚಾಗಿ ಕೆ ಎಂಬ ಬಗೆಯದು.

ಪಿಟಿ 100ಕ್ಕೆ ಮೂರು ತಂತಿ ಇದ್ದರೆ ಗಾಬರಿ ಬೇಡ. ಒಂದೇ ಬಣ್ಣದ ಎರಡರ ನಡುವೆ ಸೊನ್ನೆಗೆ ಹತ್ತಿರ ಬರಬೇಕು. ಆ ಎರಡರಲ್ಲಿ ಹೆಚ್ಚುವರಿಯದು ತಂತಿಯ ಸ್ವಂತ ಓಮ್ ಅನ್ನು ಲೆಕ್ಕದಿಂದ ಕಳೆಯಲು ಇರುವಂಥದ್ದು.

ಬಿಸಿ ಮಾಡಿದಾಗ ಎಷ್ಟು ಬರಬೇಕು?

ನಮ್ಮ 98 ಡಿಗ್ರಿಯ ಕುದಿಯುವ ನೀರಿನಲ್ಲಿ ಪಿಟಿ 100ಕ್ಕೆ ಸುಮಾರು 138 ಓಮ್, ಪಿಟಿ 1000ಕ್ಕೆ ಸುಮಾರು 1378. 25 ಡಿಗ್ರಿಯಲ್ಲಿ 100 ಕಿಲೋ ಓಮ್ ಇರುವ ಎನ್‌ಟಿಸಿ 10 ಕಿಲೋಗಿಂತ ಕೆಳಗೆ ಇಳಿದಿರಬೇಕು. ಕೆ ಥರ್ಮೋಕಪಲ್ ಅನ್ನು ಓಮ್‌ನಲ್ಲಿ ಅಳೆದು ಉಪಯೋಗವಿಲ್ಲ, ಮಿಲಿವೋಲ್ಟ್‌ಗೆ ಇಡಿ: ಕೋಣೆ 30 ಇದ್ದರೆ ಸುಮಾರು 2.8 ಮಿಲಿವೋಲ್ಟ್. ಅಂಕಿಗಿಂತಲೂ ಅದು ಏರುವ ರೀತಿಯನ್ನು ಗಮನಿಸಿ. ಒಳ್ಳೆಯ ಸೆನ್ಸರ್ ನಯವಾಗಿ ಏರಿ (ಎನ್‌ಟಿಸಿ ಆದರೆ ಇಳಿದು) ನಿಲ್ಲುತ್ತದೆ. ನಡುವೆ ಒಮ್ಮೆ ತಪ್ಪಿ ಮತ್ತೆ ಬಂದರೆ ಒಳಗೆ ಬಿರುಕಿದೆ, ಅದನ್ನು ನಂಬಬೇಡಿ.

ಸೆನ್ಸರ್ ಸರಿ ಇದೆ, ಆದರೂ ಪರದೆ ತಪ್ಪು ಹೇಳುತ್ತದೆ. ಹಾಗಾದರೆ ಬೋರ್ಡ್ ಹೋಯಿತು ಎಂದೇ ಅರ್ಥವೇ?

ಅನುಮಾನ ಬೇಡ, ನಕಲಿ ಸೆನ್ಸರ್ ಕೊಟ್ಟು ಪರೀಕ್ಷಿಸಿ. ಪ್ಲಗ್ ತೆಗೆದಿರುವಾಗಲೇ ಹೀಟರ್‌ನ ತಂತಿ ಬಿಡಿಸಿ, ತುದಿಗೆ ಟೇಪ್ ಸುತ್ತಿ. ಬೋರ್ಡ್ ಪಿಟಿ 1000ದ್ದಾದರೆ ಸೆನ್ಸರ್ ಜಾಗಕ್ಕೆ 1.1 ಕಿಲೋ ಓಮ್ ರೆಸಿಸ್ಟರ್ ಸಿಕ್ಕಿಸಿ. ಪರದೆಯಲ್ಲಿ 26ರ ಆಸುಪಾಸು ಬರಬೇಕು. 1.5 ಕಿಲೋ ಹಾಕಿದರೆ 130. ರೆಸಿಸ್ಟರ್ ಶೇ 1ರ ನಿಖರತೆಯದೇ ಆಗಿರಲಿ. ಶೇ 5ರದ್ದು ತಂದರೆ 1.1 ಕಿಲೋದಲ್ಲೇ 14 ಡಿಗ್ರಿ ಆಚೀಚೆ ಆಗಬಹುದು, ಆಗ ಬೋರ್ಡ್ ಅನ್ನು ಸುಮ್ಮನೆ ದೂರುತ್ತೀರಿ.

ಥರ್ಮೋಕಪಲ್ ಬೋರ್ಡ್‌ಗೆ ಇನ್ನೂ ಸುಲಭ. ಎರಡು ಟರ್ಮಿನಲ್‌ಗಳ ನಡುವೆ ಒಂದು ಚಿಕ್ಕ ತಾಮ್ರದ ತಂತಿ ಸೇರಿಸಿ. ಕೋಣೆಯ ತಾಪಮಾನ ಬಂದರೆ ಬೋರ್ಡ್‌ನ ಅಳತೆ ಸರಿ ಇದೆ. ಇಷ್ಟೆಲ್ಲಕ್ಕಿಂತ ಮೊದಲು ಕಂಟ್ರೋಲರ್‌ನ ಸೆಟ್ಟಿಂಗ್‌ನಲ್ಲಿ ಸೆನ್ಸರ್ ಬಗೆ ಬದಲಾಗಿಲ್ಲವೇ ನೋಡಿ. ಯಾರೋ ಬಟನ್ ಒತ್ತಿ ಕೆ ಇದ್ದದ್ದನ್ನು ಪಿಟಿ 100 ಮಾಡಿಟ್ಟ ಪ್ರಕರಣಗಳು ಕಡಿಮೆಯೇನಲ್ಲ.

ಪರದೆ ನಿಜವನ್ನೇ ಹೇಳುತ್ತಿದೆ: 180ಕ್ಕೆ ಇಟ್ಟರೆ 260 ತಲುಪಿ, 260 ಎಂದೇ ತೋರಿಸುತ್ತದೆ. ಸೆನ್ಸರ್ ಬದಲಿಸಲೇ?

ಬೇಡ. ಕಿವಿ ಸರಿಯಾಗಿ ಕೇಳುತ್ತಿದೆ, ಕೈ ಹಿಡಿತ ತಪ್ಪಿದೆ. ಹೀಟರ್ ದೀಪ ಆರಿದ್ದರೂ ತಟ್ಟೆ ಕಾಯುತ್ತಿದ್ದರೆ ರಿಲೇ ಅಂಟಿಕೊಂಡಿದೆ. ಸಾಲಿಡ್ ಸ್ಟೇಟ್ ರಿಲೇಗಳು (ಒಳಗೆ ಚಲಿಸುವ ಭಾಗವಿಲ್ಲದ ಎಲೆಕ್ಟ್ರಾನಿಕ್ ರಿಲೇಗಳು) ಕೆಟ್ಟಾಗ ಹೆಚ್ಚಾಗಿ ಕರೆಂಟ್ ಬಿಡುವ ಸ್ಥಿತಿಯಲ್ಲೇ ನಿಂತುಬಿಡುತ್ತವೆ.

ಇದಕ್ಕೆ ತದ್ವಿರುದ್ಧವಾದದ್ದೂ ಉಂಟು: ಅಂಕಿ ಸರಿ ಇದೆ, ಹೀಟರ್ ಹತ್ತುವುದೇ ಇಲ್ಲ. ಆಗ ಹಿಂಬದಿಯಲ್ಲಿ ಅತಿ ಕಾವಿಗೆ ಕಡಿದುಕೊಳ್ಳುವ ಸಣ್ಣ ರಕ್ಷಣಾ ಬಟನ್ ಹುಡುಕಿ. ಗ್ರಿಲ್ ಆರಿದ ಮೇಲೆ ಒತ್ತಿದರೆ ಮತ್ತೆ ಸೇರಿಕೊಳ್ಳುತ್ತದೆ. ಎರಡನೇ ಬಾರಿ ಕಡಿದರೆ ಕಾರಣ ಹುಡುಕದೆ ಒತ್ತಬೇಡಿ.

## ಹೊಸ ಸೆನ್ಸರ್ ಹಾಕುವಾಗ

ನಾಳೆ ಮದುವೆ ಆರ್ಡರ್ ಇದೆ ಅಣ್ಣಾ. ಸೆನ್ಸರ್ ಬರುವವರೆಗೆ ಹೀಟರ್‌ಗೆ ನೇರ ಕನೆಕ್ಷನ್ ಕೊಟ್ಟುಬಿಡಿ.

ನಾನು ಕೊಡುವುದಿಲ್ಲ, ಕೊಡುವವರು ಸಿಕ್ಕರೂ ನೀವು ಒಪ್ಪಬೇಡಿ. ನಿಮ್ಮ ಅವಸರ ನನಗೆ ಅರ್ಥವಾಗುತ್ತದೆ. ಆರ್ಡರ್ ತಪ್ಪಿದರೆ ದುಡ್ಡಿನ ಜೊತೆ ಹೆಸರೂ ಹೋಗುತ್ತದೆ. ಆದರೆ ನೇರ ಕನೆಕ್ಷನ್ ಕೊಟ್ಟ ಹೀಟರ್‌ಗೆ ನಿಲ್ಲುವುದು ಗೊತ್ತಿಲ್ಲ. ತಟ್ಟೆಯ ಮೇಲಿನ ಎಣ್ಣೆ ಮೊದಲು ಹೊಗೆಯಾಡುತ್ತದೆ, ಇನ್ನೂ ಕಾದರೆ ಬೆಂಕಿ ಕಾಣದೆಯೂ ತಾನೇ ಹೊತ್ತಿಕೊಳ್ಳುತ್ತದೆ. ಮದುವೆ ಮನೆಯ ಗದ್ದಲದಲ್ಲಿ ಗ್ರಿಲ್ ಮುಂದೆ ಒಬ್ಬರು ಸ್ವಿಚ್ ಹಿಡಿದು ನಿಂತೇ ಇರುತ್ತಾರೆ ಎಂದು ಹೇಳಲಾಗದು. ಪಕ್ಕದ ಹೋಟೆಲಿನ ಗ್ರಿಲ್ ಕೇಳಿ ತನ್ನಿ, ಇಲ್ಲವೇ ಆ ಒಂದು ದಿನ ಗ್ಯಾಸ್ ಒಲೆಯ ಮೇಲೆ ಕಾವಲಿ ಇಡಿ. ಅಕಸ್ಮಾತ್ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು: ಮೇನ್ ಸ್ವಿಚ್ ಆರಿಸಿ, ತಗಡಿನ ಮುಚ್ಚಳ ಮುಚ್ಚಿ.

ಕೋಳಿ ಸುಡುವವರಿಗೆ ಇನ್ನೊಂದು ಮಾತು. ಸೆನ್ಸರ್ ನಿಜಕ್ಕಿಂತ ಹೆಚ್ಚು ತೋರಿಸಿದರೆ ಹೊರಗೆ ಬಣ್ಣ ಬಂದರೂ ಒಳಗೆ ಹಸಿ ಉಳಿಯುತ್ತದೆ. ಮಾಂಸದ ನಡುಭಾಗ 74 ಡಿಗ್ರಿ ಮುಟ್ಟಬೇಕು. ಚುಚ್ಚಿ ನೋಡುವ ಥರ್ಮಾಮೀಟರ್ ಬೇರೆಯೇ ಇಟ್ಟುಕೊಳ್ಳಿ.

ಹೊಸ ಸೆನ್ಸರ್‌ನ ತಂತಿ ಗಿಡ್ಡವಾಯಿತು. ಸಾಮಾನ್ಯ ವೈರ್ ಸೇರಿಸಿ ಉದ್ದ ಮಾಡಬಹುದೇ?

ಪಿಟಿ ಮತ್ತು ಎನ್‌ಟಿಸಿಗೆ ಬಿಸಿ ತಾಳುವ ತಂತಿಯಿಂದ, ಬಿಗಿಯಾದ ಬೆಸುಗೆಯಲ್ಲಿ ಸೇರಿಸಬಹುದು. ಥರ್ಮೋಕಪಲ್‌ಗೆ ತಾಮ್ರದ ವೈರ್ ಸೇರಿಸಬಾರದು. ಎರಡು ಬೇರೆ ಲೋಹಗಳು ಸೇರುವ ತುದಿಗಳ ನಡುವಿನ ಕಾವಿನ ಅಂತರವೇ ಅದರ ಅಳತೆ. ಬಿಸಿ ಜಾಗದಲ್ಲಿ ತಾಮ್ರ ಸೇರಿಸಿದರೆ ಆ ಗಂಟು 80 ಡಿಗ್ರಿ, ಬೋರ್ಡ್ 35 ಡಿಗ್ರಿ ಇದ್ದಾಗ ಪರದೆ ಸುಮಾರು 45 ಕಡಿಮೆ ತೋರಿಸುತ್ತದೆ. ಕೆ ಬಗೆಯ ಉದ್ದನೆಯ ಕೇಬಲ್ಲೇ ಕೇಳಿ ತನ್ನಿ. ಹೊದಿಕೆಯೂ ಮುಖ್ಯ: ಪಿವಿಸಿ ಹೀಟರ್ ಹತ್ತಿರ ಕರಗುತ್ತದೆ, ಟೆಫ್ಲಾನ್ ಸುಮಾರು 260ರವರೆಗೆ ತಾಳುತ್ತದೆ, ಗಾಜಿನ ನಾರಿನದು ಅದಕ್ಕಿಂತ ಹೆಚ್ಚು.

ಹೊಸದು ಹಾಕಿದೆ. ಗ್ರಿಲ್ ಕಾದಂತೆ ಅಂಕಿ ಇಳಿಯುತ್ತಿದೆ!

ಥರ್ಮೋಕಪಲ್‌ನ ತಂತಿಗಳು ಅದಲು ಬದಲಾಗಿವೆ. ತಕ್ಷಣ ಆರಿಸಿ, ಏಕೆಂದರೆ ಬೋರ್ಡ್ ಹೀಟರ್ ನಿಲ್ಲಿಸುವುದೇ ಇಲ್ಲ. ಇಲ್ಲಿ ಎಲ್ಲರನ್ನೂ ದಾರಿ ತಪ್ಪಿಸುವುದು ಕೆಂಪು ಬಣ್ಣ. ಅಮೆರಿಕದ ಪದ್ಧತಿಯ ಕೆ ತಂತಿಯಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಹಸಿರು ಪ್ಲಸ್, ಬಿಳಿ ಮೈನಸ್. ಬಣ್ಣ ಮಾಸಿದ್ದರೆ ಅಯಸ್ಕಾಂತ ಹಿಡಿಯಿರಿ: ಅದಕ್ಕೆ ಅಂಟುವ ತಂತಿ ಮೈನಸ್.

ಗನ್ ಥರ್ಮಾಮೀಟರ್ 130 ಎನ್ನುತ್ತದೆ, ಗ್ರಿಲ್ 180 ಎನ್ನುತ್ತದೆ. ಯಾವುದನ್ನು ನಂಬಲಿ?

ಹೊಳೆಯುವ ಸ್ಟೀಲ್ ಮೇಲೆ ಗನ್ ಅನ್ನು ನಂಬಬೇಡಿ. ಹೊಳಪಿನ ಮೇಲ್ಮೈ ಕಾವನ್ನು ಕಡಿಮೆ ಸೂಸುತ್ತದೆ, ಗನ್ ತೀರಾ ಕಡಿಮೆ ಓದುತ್ತದೆ. ಹದವಾಗಿ ಪಳಗಿದ ಕಪ್ಪು ಭಾಗಕ್ಕೆ ಹಿಡಿಯಿರಿ, ಇಲ್ಲವೇ ತೆಳುವಾಗಿ ಎಣ್ಣೆ ಸವರಿ ನೋಡಿ. ಸೆನ್ಸರ್ ಇರುವ ಜಾಗದ ನೇರ ಮೇಲೆಯೇ ಅಳೆಯಿರಿ. ತಟ್ಟೆಯ ನಡುವೆ ಮತ್ತು ಅಂಚಿನ ನಡುವೆ ವ್ಯತ್ಯಾಸ ಇದ್ದೇ ಇರುತ್ತದೆ.

ಎಲ್ಲ ಸರಿಮಾಡಿದ ಮೇಲೂ ಆರು ಡಿಗ್ರಿ ವ್ಯತ್ಯಾಸ ಉಳಿದಿದೆ. ಆಫ್‌ಸೆಟ್ ಬದಲಿಸಲೇ?

ಬದಲಿಸಿ. ಆಫ್‌ಸೆಟ್ ಎಂದರೆ ಅಳತೆಗೆ ಕೂಡಿಸುವ ಅಥವಾ ಕಳೆಯುವ ಅಂಕಿ; ಅದು ಇರುವುದೇ ಇಂಥ ಸಣ್ಣ, ಸ್ಥಿರ ವ್ಯತ್ಯಾಸಕ್ಕೆ. ಕೋಣೆಯ ತಾಪಮಾನದಲ್ಲಿ, ಕುದಿಯುವ ನೀರಿನಲ್ಲಿ, ಎರಡರಲ್ಲೂ ಆರೇ ಡಿಗ್ರಿ ಹೆಚ್ಚು ಬಂದರೆ ಆರನ್ನು ಕಳೆಯಿರಿ. ತಣ್ಣಗಿದ್ದಾಗ ಎರಡು, ಬಿಸಿಯಲ್ಲಿ ಇಪ್ಪತ್ತು ಬಂದರೆ ಆಫ್‌ಸೆಟ್‌ನಿಂದ ಮುಚ್ಚಬೇಡಿ, ಸೆನ್ಸರ್‌ನ ಬಗೆಯೋ ಸಂಪರ್ಕವೋ ತಪ್ಪಿದೆ. ಕಂಟ್ರೋಲರ್‌ನಲ್ಲಿ ಆಟೋ ಟ್ಯೂನ್ (ಹೀಟರ್ ಹಚ್ಚಿ ಆರಿಸುವ ಹದವನ್ನು ಅದು ತಾನೇ ಕಲಿಯುವ ಸೌಲಭ್ಯ) ಇದ್ದರೆ ಆಮೇಲೆ ಒಮ್ಮೆ ಓಡಿಸಿ. ಗ್ರಿಲ್ ಪೂರ್ತಿ ತಣ್ಣಗಿರುವಾಗ, ದಿನವೂ ಬಳಸುವ ತಟ್ಟೆಯನ್ನೇ ಇಟ್ಟು, ದಿನವೂ ಇಡುವ ಅಂಕಿಗೇ ಇಟ್ಟು ಶುರು ಮಾಡಿ. ಅದು ಮುಗಿಯುವವರೆಗೆ ಬಾಗಿಲು ತೆರೆಯಬೇಡಿ. ಬಂದ ಆಫ್‌ಸೆಟ್ ಅಂಕಿ ಮತ್ತು ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ತಗಡಿನ ಒಳಬದಿಗೆ ಅಂಟಿಸಿ. ಮುಂದಿನ ಸಲ ಬಿಚ್ಚುವವರಿಗೆ ಬೇಕಾಗುತ್ತದೆ.